ಹಲ್ಲಿನ ಬಿಳುಪೂ ಹಲ್ಲಿನ ಬಲವೂ

ದಂತಕಾಷ್ಠವು ಹನ್ನೆರಡು ಅಂಗುಲ ನೀಳವೂ ಕಿರುಬೆರಳಿನಷ್ಟು ದಪ್ಪವೂ ಇರಬೇಕೆಂದೂ, ಕಹಿಯಾದವುಗಳಲ್ಲಿ ಬೇವೂ ಒಗರಾದವುಗಳಲ್ಲಿ ಕಗ್ಗಲಿಯೂ ಶ್ರೇಷ್ಠವೆಂದೂ ಸುಶ್ರುತಸಂಹಿತೆಯು ವಿಧಿಸುತ್ತದೆ. ಕಡ್ಡಿಗೇನೋ ಅಳತೆಯುಂಟು, ಅದರ ಫಲಕ್ಕೆ ಅಳತೆ ಯಾವುದು? ಜನರು ಬಿಳುಪನ್ನೇ ಪ್ರಮಾಣವೆಂದು ನಂಬಿರುವರು. ಇಟ್ಟಿಗೆಯ ಪುಡಿಯೂ ಹಲ್ಲನ್ನು ಬೆಳ್ಳಗೆ ಮಾಡೀತು, ಮೇಲಣ ಗಟ್ಟಿ ಹೊದಿಕೆಯನ್ನು ತೇಯುತ್ತ! ಆ ಹೊದಿಕೆಯಾದರೋ ಒಮ್ಮೆ ಸವೆದರೆ ಮರಳಿ ಬೆಳೆಯತಕ್ಕದ್ದಲ್ಲ.

ಅಮೆರಿಕದ ಇಂಡಿಯಾನಾ ಪ್ರಾಂತದಲ್ಲಿ 1950ರ ದಶಕದಲ್ಲಿ ನಡೆದ ಪರೀಕ್ಷೆಯ ಕ್ರಮವೇ ಬೇರೆ. ಮಕ್ಕಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಫ್ಲೋರೈಡ್ ಬೆರೆಸಿದ ಪೇಸ್ಟನ್ನೂ ಮತ್ತೊಂದಕ್ಕೆ ಅದಿಲ್ಲದ್ದನ್ನೂ ಕೊಟ್ಟು, ಎರಡರಲ್ಲಿಯೂ ಹೊಸದಾಗಿ ತೋರಿದ ಹುಳುಕುಗಳನ್ನು ಎಣಿಸಿದರು. 1960ರಲ್ಲಿ ಅಲ್ಲಿಯ ದಂತವೈದ್ಯಸಂಘವು ಆ ಪೇಸ್ಟನ್ನು ಅಂಗೀಕರಿಸಿದುದು ಇಂತಹ ಎಣಿಕೆಯ ಬಲದಿಂದ. ಬೇವನ್ನು ಹಳತೆಂದು ಜರೆಯುವವರೂ ಹಳತೆಂದೇ ಹೊಗಳುವವರೂ ಈ ಎಣಿಕೆಯ ಗೊಡವೆಗೆ ಹೋಗರು. ಅಂಗಡಿಯ ಡಬ್ಬಿಗಳ ಮೇಲೆ ಇಂದಿಗೂ ಮೆರೆಯುವುದು ಬಿಳಿಯ ನಗೆಯೇ.