ಗೆಲುವಿನ ಮರುದಿನದ ಗಾಳಿ

ಬೆಂಗಳೂರಿನ ಮಾರುಕಟ್ಟೆಯ ಗದ್ದಲವನ್ನು ಹಿಂದಿಟ್ಟು ಮೈಸೂರಿನ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟವರು ಬ್ಯಾಟರಾಯನಪುರದ ಬಳಿ ಒಂದು ಕ್ಷಣ ಕೈಮುಗಿಯುವುದು ವಾಡಿಕೆ. ಅಲ್ಲಿ ರಸ್ತೆಯ ಅಂಚಿನಲ್ಲೇ ಗಾಳಿ ಆಂಜನೇಯನ ಗುಡಿ ಇದೆ. ಮೂರ್ತಿಯನ್ನು ವ್ಯಾಸರಾಯರು ಪ್ರತಿಷ್ಠಾಪಿಸಿದರೆಂಬುದು ಪ್ರತೀತಿ. ಅದರ ನೆರೆಯಲ್ಲಿರುವ ಬಡಾವಣೆಯೇ ದೀಪಾಂಜಲಿ ನಗರ. ಬಿ.ಎಚ್.ಇ.ಎಲ್. ಕಾರ್ಖಾನೆಯ ಮಗ್ಗುಲಲ್ಲಿ ಬೆಳೆದ ಈ ಬಡಾವಣೆಗೆ 2015ರ ನವೆಂಬರಿನಲ್ಲಿ ಮೆಟ್ರೊ ರೈಲು ಬಂದಿತು. ಅಂದಿನಿಂದ ಅದರ ಹೆಸರು ನೇರಳೆ ಮಾರ್ಗದ ಒಂದು ನಿಲ್ದಾಣದ ಹೆಸರೂ ಆಗಿ ನಗರದವರೆಲ್ಲರಿಗೆ ಪರಿಚಿತವಾಯಿತು.

ಈ ಭಾಗದ ಜನರಿಗೆ ಮಳೆಗಾಳಿಯ ಪಾಠವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟುತ್ತಾಳೆಂದು ಹಿರಿಯರು ನಂಬಿದ್ದ ವೃಷಭಾವತಿ ಹೆದ್ದಾರಿಯ ಬದಿಯಲ್ಲೇ ಹರಿಯುತ್ತಾಳೆ. ವರ್ಷದ ಬಹುಪಾಲು ದಿನ ಅವಳು ಊರಿನ ಕೊಳಚೆಯನ್ನು ಹೊರುವ ಕಾಲುವೆ ಮಾತ್ರ. ಆದರೆ ಮುಂಗಾರಿನ ಒಂದು ಸಂಜೆ ಆಕಾಶ ಹರಿದು ಬಿದ್ದಿತೆಂದರೆ, ತಾನು ನದಿಯೆಂಬುದು ಅವಳಿಗೆ ಥಟ್ಟನೆ ನೆನಪಾಗುತ್ತದೆ. ನೀರು ರಸ್ತೆಗೇರಿ ವಾಹನಗಳನ್ನು ನಿಲ್ಲಿಸಿದ್ದುಂಟು. ಆಂಜನೇಯನ ಗುಡಿಯನ್ನು ಹೊಕ್ಕದ್ದೂ ಉಂಟು. ಅಂಥ ಇರುಳು ಮನೆಯ ಸಾಮಾನನ್ನು ಮಂಚದ ಮೇಲಕ್ಕೆ ಎತ್ತಿಟ್ಟು ಬೆಳಗನ್ನು ಕಾದ ಅನುಭವ ತಗ್ಗಿನ ಓಣಿಗಳವರಿಗೆ ಹೊಸದಲ್ಲ.

2024ರ ಜೂನ್ 29, ಶನಿವಾರ. ಪಂಚಾಂಗದಲ್ಲಿ ಆರಿದ್ರಾ ಮಳೆಯ ಕಾಲ. ಅಂದು ರಾತ್ರಿ ನಾಡಿನ ಮನೆಮನೆಗಳಂತೆ ದೀಪಾಂಜಲಿ ನಗರದಲ್ಲಿಯೂ ದೂರದರ್ಶನದ ಮುಂದೆ ಜನ ನೆರೆದಿದ್ದರು. ಟಿ-20 ವಿಶ್ವಕಪ್ಪಿನ ಅಂತಿಮ ಪಂದ್ಯ ನಮ್ಮ ಗಡಿಯಾರದ ರಾತ್ರಿ 8ಕ್ಕೆ ಆರಂಭವಾಯಿತು. ಆಟ ನಡೆಯುತ್ತಿದ್ದ ಬಾರ್ಬಡೋಸ್ ದ್ವೀಪದಲ್ಲಿ ಆಗ ಬೆಳಗ್ಗೆ ಹತ್ತೂವರೆ. ಆ ದ್ವೀಪ ಎಲ್ಲಿದೆ, ಅಲ್ಲಿ ಎಂಥ ಜನರಿದ್ದಾರೆ ಎಂಬ ಯೋಚನೆ ಆ ಹೊತ್ತಿನಲ್ಲಿ ಯಾರಿಗೂ ಬಂದಿರಲಾರದು. ಎಲ್ಲರಿಗೂ ಇದ್ದ ಚಿಂತೆ ಒಂದೇ: ಮಳೆ ಬಾರದಿರಲಿ.

ತಂಡದ ಬೆನ್ನು ಹಿಡಿದು ಇಲ್ಲಿಂದ ಅಲ್ಲಿಗೆ ಹೊರಡುವ ಅಭಿಮಾನಿಯ ದಾರಿಯನ್ನು ಊಹಿಸಿಕೊಳ್ಳಬಹುದು. ದೀಪಾಂಜಲಿ ನಗರದ ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಇಳಿದು, ವಾಯುವಜ್ರ ಬಸ್ಸಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವನ್ನು ಸೇರಬೇಕು. ಅಲ್ಲಿಂದ ಲಂಡನ್. ಲಂಡನ್ನಿನಿಂದ ಅಟ್ಲಾಂಟಿಕ್ ಸಾಗರದ ಮೇಲೆ ಎಂಟು ಗಂಟೆಗೂ ಮಿಕ್ಕಿದ ಹಾರಾಟ. ಕೊನೆಗೆ ಕಾಣುವುದು ಹವಳದ ಸುಣ್ಣಕಲ್ಲಿನ ಒಂದು ಪುಟ್ಟ ನೆಲ. ಹೆಚ್ಚು ಎತ್ತರವಿಲ್ಲ, ಸುತ್ತಲೂ ಕಡಲು. ಅದರ ವಿಸ್ತೀರ್ಣ ಸುಮಾರು 430 ಚದರ ಕಿಲೋಮೀಟರು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿ 700 ಚದರ ಕಿಲೋಮೀಟರಿಗೂ ಹೆಚ್ಚಾಗಿತ್ತೆಂದರೆ, ಈ ಸ್ವತಂತ್ರ ರಾಷ್ಟ್ರವೆಷ್ಟು ಕಿರಿದೆಂಬುದು ತಿಳಿದೀತು. ಜನಸಂಖ್ಯೆ ಮೂರು ಲಕ್ಷವನ್ನೂ ಮುಟ್ಟುವುದಿಲ್ಲ.

ಬೆಂಗಳೂರಿನವರಿಗೆ ಅಲ್ಲಿನ ಊಟದಲ್ಲಿ ಒಂದು ಅಚ್ಚರಿ ಕಾದಿರುತ್ತದೆ. ಮುಸುಕಿನ ಜೋಳದ ಹಿಟ್ಟಿಗೆ ಬೆಂಡೆಕಾಯಿ ಬೆರೆಸಿ, ಒಲೆಯ ಮೇಲೆ ಮರದ ಕೋಲಿನಿಂದ ಗಂಟಾಗದಂತೆ ತೊಳಸಿ ಮಾಡುವ ‘ಕೂಕೂ’ ಎಂಬ ಖಾದ್ಯ ಅವರ ರಾಷ್ಟ್ರೀಯ ಭೋಜನ. ನಮ್ಮ ರಾಗಿಮುದ್ದೆಯ ದೂರದ ದಾಯಾದಿ ಎನ್ನಬಹುದು. ಮುದ್ದೆಕೋಲಿಗೂ ಆ ಕೋಲಿಗೂ ಬಹಳ ವ್ಯತ್ಯಾಸವಿಲ್ಲ. ಅದರ ಜೊತೆಗೆ ಬಡಿಸುವುದು ಹಾರುವ ಮೀನು. ಆ ಮೀನನ್ನು ಹಿಡಿದು ತರುವ ಬೆಸ್ತರ ದೋಣಿಗಳು ರಾಜಧಾನಿ ಬ್ರಿಡ್ಜ್‌ಟೌನಿನ ಬಂದರಿನಲ್ಲಿ ಸಾಲಾಗಿ ನಿಲ್ಲುತ್ತವೆ. ಈ ದೋಣಿಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇಷ್ಟು ಚಿಕ್ಕ ದ್ವೀಪ ಕ್ರಿಕೆಟ್ಟಿಗೆ ಕೊಟ್ಟಿರುವವರ ಪಟ್ಟಿ ಮಾತ್ರ ಚಿಕ್ಕದಲ್ಲ. ವೊರೆಲ್, ವೀಕ್ಸ್, ವಾಲ್ಕಾಟ್ ಎಂಬ ಮಹಾಮಹಿಮರು ಮೂವರೂ ಇಲ್ಲಿ ಹುಟ್ಟಿದವರು. ಗ್ಯಾರಿ ಸೋಬರ್ಸ್ ಕೂಡ ಈ ಮಣ್ಣಿನವರೇ. ಭಾರತಕ್ಕೂ ಈ ಊರಿಗೂ ಹಳೆಯ ಋಣವೊಂದಿದೆ. 1962ರ ಮಾರ್ಚಿನಲ್ಲಿ ಬ್ರಿಡ್ಜ್‌ಟೌನಿನಲ್ಲಿ ಬಾರ್ಬಡೋಸ್ ತಂಡದೆದುರು ಆಡುತ್ತಿದ್ದ ನಮ್ಮ ನಾಯಕ ನಾರಿ ಕಾಂಟ್ರಾಕ್ಟರರ ತಲೆಗೆ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಬಡಿಯಿತು. ತಲೆಬುರುಡೆ ಬಿರಿದು ಪ್ರಾಣವೇ ತೂಗುಯ್ಯಾಲೆಯಲ್ಲಿದ್ದಾಗ ರಕ್ತ ಕೊಡಲು ಮುಂದೆ ಬಂದವರಲ್ಲಿ ಎದುರಾಳಿ ವೆಸ್ಟ್ ಇಂಡೀಸ್ ತಂಡದ ನಾಯಕ ಫ್ರಾಂಕ್ ವೊರೆಲ್ ಒಬ್ಬರು. ಕಾಂಟ್ರಾಕ್ಟರ್ ಬದುಕಿ ಉಳಿದರು. ಆ ಪ್ರವಾಸದ ತಂಡದಲ್ಲಿ ಮೈಸೂರು ರಾಜ್ಯದ ತರುಣ ಎರಪಳ್ಳಿ ಪ್ರಸನ್ನರೂ ಇದ್ದರು.

ಕೆನ್ಸಿಂಗ್ಟನ್ ಓವಲ್ ಮೈದಾನ ಕನ್ನಡಿಗರಿಗೆ ಇನ್ನೊಂದು ಕಹಿಯನ್ನೂ ಉಣಿಸಿತ್ತು. 1997ರಲ್ಲಿ ಅಲ್ಲಿ ನಡೆದ ಟೆಸ್ಟಿನಲ್ಲಿ ಗೆಲ್ಲಲು ಕೇವಲ 120 ಓಟ ಬೇಕಾಗಿದ್ದ ಭಾರತ 81ಕ್ಕೆ ಕುಸಿಯಿತು. ರಾಹುಲ್ ದ್ರಾವಿಡ್, ಅನಿಲ್ ಕುಂಬ್ಳೆ, ವೆಂಕಟೇಶ ಪ್ರಸಾದ್ ಮೂವರೂ ಆ ಸೋಲಿಗೆ ಸಾಕ್ಷಿಗಳು. ಹತ್ತು ವರ್ಷದ ಬಳಿಕ, 2007ರಲ್ಲಿ ವೆಸ್ಟ್ ಇಂಡೀಸ್ ನೆಲದಲ್ಲೇ ನಡೆದ ವಿಶ್ವಕಪ್ಪಿನಲ್ಲಿ ಭಾರತ ಮೊದಲ ಸುತ್ತಿನಲ್ಲೇ ಹೊರಬಿದ್ದಾಗ ನಾಯಕರಾಗಿದ್ದವರು ಇದೇ ದ್ರಾವಿಡ್. 2024ರಲ್ಲಿ ಅವರು ತಂಡದ ಗುರುಗಳಾಗಿ ಅಲ್ಲಿಗೆ ಮರಳಿದ್ದರು. ಅದು ಆ ಹೊಣೆಯ ಕೊನೆಯ ಪಂದ್ಯ. ಅಂದು ಆಡಿದ ಹನ್ನೊಂದು ಮಂದಿಯಲ್ಲಿ ಕನ್ನಡಿಗರೊಬ್ಬರೂ ಇರಲಿಲ್ಲ. ಆದರೆ ದಾಂಡಿಗರ ಅಭ್ಯಾಸಕ್ಕೆ ದಿನವಿಡೀ ಚೆಂಡು ಎಸೆಯುವ ಕುಮಟಾದ ರಾಘವೇಂದ್ರರು ತೆರೆಯ ಹಿಂದೆ ಇದ್ದರು.

ಆ ಪಂದ್ಯಾವಳಿಯುದ್ದಕ್ಕೂ ಹವಾಮಾನ ತಂಡದ ಬೆನ್ನುಬಿಡದೆ ಬಂದಿತ್ತು. ಅಮೆರಿಕದ ಫ್ಲಾರಿಡಾದಲ್ಲಿ ಜೂನ್ 15ರಂದು ಕೆನಡಾದೊಡನೆ ಆಗಬೇಕಿದ್ದ ಪಂದ್ಯ ಮೈದಾನ ಒಣಗದೆ ರದ್ದಾಯಿತು. ಗಯಾನಾದಲ್ಲಿ 27ರಂದು ಇಂಗ್ಲೆಂಡಿನೆದುರು ಆಡಿದ ಸೆಮಿಫೈನಲ್ ಮಳೆಯಿಂದ ತಡವಾಯಿತು. ಫೈನಲಿಗೆ ಮಳೆ ಅಡ್ಡಿಯಾದರೆ ಆಡಲೆಂದು ಭಾನುವಾರವನ್ನು ಕಾದಿರಿಸಲಾಗಿತ್ತು. ಅದರ ಅಗತ್ಯ ಬೀಳಲಿಲ್ಲ. ಕೊನೆಯ 30 ಚೆಂಡುಗಳಲ್ಲಿ 30 ಓಟ ಮಾತ್ರ ಬೇಕಾಗಿದ್ದ ದಕ್ಷಿಣ ಆಫ್ರಿಕಾ, ಕೈಗೆ ಬಂದ ಗೆಲುವನ್ನು ಬಿಟ್ಟುಕೊಟ್ಟಿತು. ಕೊನೆಯ ಓವರಿನಲ್ಲಿ ಸೂರ್ಯಕುಮಾರ್ ಯಾದವ್ ಗಡಿಗೆರೆಯ ಅಂಚಿನಲ್ಲಿ ಹಿಡಿದ ಕ್ಯಾಚು ಪಂದ್ಯದ ಹಣೆಬರಹವನ್ನು ತಿದ್ದಿತು. ಭಾರತ 7 ಓಟಗಳಿಂದ ಗೆದ್ದಿತು. ಎಂದೂ ಸ್ತಿಮಿತ ಕಳೆದುಕೊಳ್ಳದ ದ್ರಾವಿಡ್ ಕಪ್ಪನ್ನು ಕೈಗೆತ್ತಿಕೊಂಡು ಮಕ್ಕಳಂತೆ ಕೂಗಿದ್ದನ್ನು ನೋಡಿ, ಇಲ್ಲಿ ಅರ್ಧರಾತ್ರಿಯಲ್ಲಿ ಕಣ್ಣೊರೆಸಿಕೊಂಡವರೆಷ್ಟೋ ಮಂದಿ.

ದ್ವೀಪದಲ್ಲಿ ಜನ ಸಂಭ್ರಮಿಸುತ್ತಿದ್ದ ಅದೇ ಶನಿವಾರ, ಪೂರ್ವಕ್ಕೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಕಡಲಿನ ಮೇಲೆ ಇನ್ನೊಂದು ಶಕ್ತಿ ಬೆಳೆಯುತ್ತಿತ್ತು. ಬಿಸಿಯಾದ ಸಾಗರದ ನೀರು ಆವಿಯಾಗಿ ಮೇಲೇರಿ, ಮೋಡವಾಗುವಾಗ ತನ್ನೊಳಗಿನ ಕಾವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಕಾದ ಗಾಳಿ ಇನ್ನೂ ಮೇಲೇರಿ, ಕೆಳಗಿನ ತೆರವನ್ನು ತುಂಬಲು ಸುತ್ತಲಿನ ಗಾಳಿ ಸುಳಿಸುತ್ತಿ ನುಗ್ಗುತ್ತದೆ. ಚಂಡಮಾರುತದ ಒಲೆ ಉರಿಯುವುದು ಹೀಗೆ. ಕೆರಿಬಿಯನ್ ಸೀಮೆಯಲ್ಲಿ ಇದರ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಉಗ್ರರೂಪ ಸಾಮಾನ್ಯವಾಗಿ ಆಗಸ್ಟ್ ಕಳೆದ ಮೇಲೆ. ಆದರೆ ಆ ವರ್ಷ ಅಟ್ಲಾಂಟಿಕಿನ ನೀರು ಅಕಾಲದಲ್ಲೇ ಕಾದಿತ್ತು. ‘ಬೆರಿಲ್’ ಎಂದು ಹೆಸರು ಪಡೆದ ಈ ಚಂಡಮಾರುತ ಭಾನುವಾರ ನಾಲ್ಕನೆಯ ದರ್ಜೆಗೆ ಏರಿತು. ಅಟ್ಲಾಂಟಿಕಿನಲ್ಲಿ ವರ್ಷದ ಅಷ್ಟು ಮೊದಲೇ ಆ ದರ್ಜೆ ಮುಟ್ಟಿದ ಚಂಡಮಾರುತ ದಾಖಲೆಗಳಲ್ಲಿ ಇನ್ನೊಂದಿರಲಿಲ್ಲ.

ಗಾಳಿ ಬಂದಾಗ ತೂರಿಕೋ ಎಂಬ ಗಾದೆ ರೈತನ ಕಣಕ್ಕೆ ಸಲ್ಲುತ್ತದೆ, ಈ ಗಾಳಿಗಲ್ಲ. ಶನಿವಾರ ಅತಿಥಿಗಳಿಗೆ ಊಟ ಬಡಿಸಿದ ಜನ ಭಾನುವಾರ ಕಿಟಕಿಗಳಿಗೆ ಹಲಗೆ ಹೊಡೆಯತೊಡಗಿದರು. ಅಂಗಡಿಗಳು ಮುಚ್ಚಿದವು. ರಾತ್ರಿಯ ಹೊತ್ತಿಗೆ ವಿಮಾನ ನಿಲ್ದಾಣವೂ ಮುಚ್ಚಿತು. ವಿಶ್ವವನ್ನು ಗೆದ್ದ ಆಟಗಾರರು, ಅವರ ಮಡದಿ ಮಕ್ಕಳು, ಸುದ್ದಿಗಾರರು, ಸಾವಿರಾರು ರೂಪಾಯಿ ತೆತ್ತು ಬಂದ ಅಭಿಮಾನಿಗಳು ಎಲ್ಲರೂ ಸರಿಸಮಾನರಾಗಿ ಕೊಠಡಿಗಳಲ್ಲಿ ಕುಳಿತರು. ಕೆಲಸದವರು ಕಡಿಮೆಯಾದ್ದರಿಂದ ಆಟಗಾರರೂ ಸಾಲಿನಲ್ಲಿ ನಿಂತು ಕಾಗದದ ತಟ್ಟೆಯಲ್ಲಿ ಉಂಡರೆಂದು ಪತ್ರಿಕೆಗಳು ಬರೆದವು. ಉಳಿದ ಕೆಲಸದವರಾದರೋ ತಮ್ಮ ಮನೆಯ ಮಾಡು ಏನಾಗುವುದೋ ಎಂಬ ಅಳುಕನ್ನು ಒಳಗಿಟ್ಟುಕೊಂಡು ಅತಿಥಿಗಳನ್ನು ನೋಡಿಕೊಳ್ಳುತ್ತಿದ್ದರು. ಬಾರ್ಬಡೋಸಿನ ಬಡವರ ಹಳೆಯ ಮನೆಗಳು ಹಲಗೆಯವು. ಯಜಮಾನನ ನೆಲದಲ್ಲಿ ಕಲ್ಲುಗಳ ಮೇಲೆ ನಿಲ್ಲಿಸಿ, ಬೇಕಾದಾಗ ಬಿಚ್ಚಿ ಬೇರೆಡೆಗೆ ಒಯ್ಯಲೆಂದು ಕಟ್ಟಿದಂಥವು. 1955ರ ಜಾನೆಟ್ ಚಂಡಮಾರುತ ಅಂಥ ಸಾವಿರಾರು ಮನೆಗಳನ್ನು ಹೊತ್ತೊಯ್ದದ್ದನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಹೇಳಿದ್ದಾರೆ.

ಸೋಮವಾರ ಬೆಳಗ್ಗೆ ಬೆರಿಲ್ ದ್ವೀಪದ ದಕ್ಷಿಣಕ್ಕೆ ಸರಿದು ಹೋಯಿತು. ಬಾರ್ಬಡೋಸ್ ಬದುಕಿತು. ಆದರೆ ಉಕ್ಕಿದ ಅಲೆಗಳು ಬಂದರನ್ನು ಬಿಡಲಿಲ್ಲ. ನೂರಕ್ಕೂ ಹೆಚ್ಚು ದೋಣಿಗಳು ಒಂದಕ್ಕೊಂದು ಅಪ್ಪಳಿಸಿ ಒಡೆದವು, ಕೆಲವು ಮುಳುಗಿದವು. ಹಾರುವ ಮೀನಿನ ಸಂಸಾರಗಳು ಒಂದೇ ಬೆಳಗಿನಲ್ಲಿ ಬರಿಗೈಯಾದವು. ನೆರೆಯ ಗ್ರೆನಡಾ ದೇಶದ ಕ್ಯಾರಿಯಾಕೂ ದ್ವೀಪದ ಪಾಡು ಇನ್ನೂ ಘೋರ. ಗಂಟೆಗೆ 240 ಕಿಲೋಮೀಟರು ವೇಗದ ಗಾಳಿ ಅದರ ಮೇಲೆಯೇ ಹಾದುಹೋಯಿತು. ಅಲ್ಲಿ ಮಾಡು ಉಳಿದ ಮನೆ ಅಪರೂಪವಾಯಿತು. ಬೆರಿಲ್ ಮುಂದೆ ಐದನೆಯ ದರ್ಜೆಗೇರಿ ಜಮೈಕಾದತ್ತ ಸಾಗಿತು.

ದೀಪಾಂಜಲಿ ನಗರದ ಮನೆಗಳಲ್ಲಿ ಆ ಮೂರು ದಿನ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ, ತಂಡ ಯಾವಾಗ ಬರುತ್ತದೆ ಎಂಬುದು. ಜುಲೈ 3ರ ನಸುಕಿನಲ್ಲಿ ಏರ್ ಇಂಡಿಯಾದ ವಿಶೇಷ ವಿಮಾನ ಆಟಗಾರರನ್ನೂ, ಅಲ್ಲಿ ಸಿಲುಕಿದ್ದ ಭಾರತೀಯ ಪತ್ರಕರ್ತರನ್ನೂ ಹೊತ್ತು ಹೊರಟಿತು. 4ರ ಬೆಳಗ್ಗೆ ದೆಹಲಿ, ಸಂಜೆ ಮುಂಬಯಿಯ ಕಡಲದಂಡೆಯಲ್ಲಿ ಜನಸಾಗರ. ಸಾಮಾನ್ಯ ಪ್ರೇಕ್ಷಕನಿಗೆ ಯಾವ ವಿಶೇಷ ವಿಮಾನವೂ ಇರಲಿಲ್ಲ. ತನ್ನ ಚೀಟಿಯ ಸರದಿ ಬರುವವರೆಗೆ ಅವನು ಕಾಯಬೇಕಾಯಿತು.

ಇಂಥ ಪ್ರವಾಸಕ್ಕೆ ಹಣ ಕೂಡಿಡುವ ಕುಟುಂಬಗಳು ಈಗ ನಮ್ಮಲ್ಲಿ ಅನೇಕ. ಅವರಿಗೆ ಈ ಪ್ರಸಂಗದಿಂದ ಕೆಲವು ಲೌಕಿಕ ವಿವೇಕಗಳು ದೊರೆಯುತ್ತವೆ. ಪಂದ್ಯದ ದಿನಾಂಕದೊಡನೆ ಆ ನಾಡಿನ ಋತುವನ್ನೂ ವಿಚಾರಿಸಬೇಕು. ದಿನ ಬದಲಿಸಲು ಬರುವ ವಿಮಾನ ಚೀಟಿಯನ್ನೇ ಕೊಳ್ಳಬೇಕು. ಪ್ರಯಾಣದ ವಿಮೆಯನ್ನು ಮೊದಲೇ ಮಾಡಿಸಬೇಕು. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಮಾಡಿಸಿದ ವಿಮೆ ಸಾಮಾನ್ಯವಾಗಿ ಅದರ ನಷ್ಟಕ್ಕೆ ಒದಗುವುದಿಲ್ಲ. ಹಿರಿಯರ ಔಷಧವನ್ನು ಒಂದು ವಾರಕ್ಕೆ ಹೆಚ್ಚಾಗಿಯೇ ಒಯ್ಯಬೇಕು. ಕೈಯಲ್ಲಿ ಸ್ವಲ್ಪ ನಗದು ಇರಬೇಕು, ಏಕೆಂದರೆ ವಿದ್ಯುತ್ತು ಹೋದಾಗ ಪ್ಲಾಸ್ಟಿಕ್ಕಿನ ಕಾರ್ಡು ಹಣವಾಗಿ ಉಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಊರವರು ಒಳಗೆ ಹೋಗಿ ಎಂದಾಗ ಅಲೆಗಳ ಚಿತ್ರ ತೆಗೆಯಲು ಹೊರಗೆ ನಿಲ್ಲಬಾರದು.

ಆಟವನ್ನು ಅರಸಿ ಹೋದವನು ಆಟ ಮುಗಿದೊಡನೆ ಹಿಂತಿರುಗುತ್ತಾನೆ; ಅವನ ಪಾಲಿಗೆ ಚಂಡಮಾರುತ ಮೂರು ದಿನದ ತಡ. ಕಡಲ ನಡುವಿನ ಆ ಜನ ಹಿಂತಿರುಗಲು ಬೇರೆ ಊರಿಲ್ಲ. ಮಳೆಯ ರಾತ್ರಿ ಸಾಮಾನನ್ನು ಮಂಚದ ಮೇಲಿಟ್ಟು ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ನಮ್ಮ ನಾಯಕನಿಗೆ ರಕ್ತ ಕೊಟ್ಟ ದ್ವೀಪ ಅದು. 2024ರ ಕಪ್ಪಿನ ಚಿತ್ರವನ್ನು ಗೋಡೆಗೆ ತೂಗುಹಾಕಿದ ಮನೆಗಳಲ್ಲಿ, ಸೂರ್ಯಕುಮಾರರ ಕ್ಯಾಚಿನ ಕಥೆಯನ್ನು ಮಕ್ಕಳಿಗೆ ಹೇಳುವಾಗ, ಬ್ರಿಡ್ಜ್‌ಟೌನಿನ ಬಂದರಿನಲ್ಲಿ ಒಡೆದುಹೋದ ಆ ದೋಣಿಗಳ ಮಾತನ್ನೂ ಸೇರಿಸಿ ಹೇಳಿದರೆ ಕಥೆ ಪೂರ್ಣವಾಗುತ್ತದೆ.