ಮನೆಗೊಂದು ನೆಲ: ಸಿಂಧನೂರು, ಮಸ್ಕಿ, ಲಿಂಗಸುಗೂರು

ನಿವೃತ್ತಿಯಾದ ಮೇಲೆ ಎಲ್ಲಿ ನೆಲಸಬೇಕೆಂಬ ಪ್ರಶ್ನೆಯು ನಮ್ಮ ಮನೆಯಲ್ಲಿ ಎರಡು ವರ್ಷ ಬರಿಯ ಮಾತಾಗಿಯೇ ಉಳಿದಿದ್ದು, ಹೋದ ಕಾರ್ತಿಕ ಮಾಸದಲ್ಲಿ ಪ್ರಯಾಣದ ರೂಪವನ್ನು ತಾಳಿತು. ಹಳ್ಳಿಯ ಒಣಹೊಲವನ್ನು ಸೋದರರೆಲ್ಲರೂ ಕೂಡಿ ಮಾರಿ, ನಮ್ಮ ಪಾಲಿಗೆ ಬಂದ ಹಣವೊಂದೇ ನಮಗೆ ಆಧಾರವಾಗಿದ್ದಿತು. ಅದು ಒಂದು ನಿವೇಶನಕ್ಕೂ ಸಣ್ಣದೊಂದು ಮನೆಗೂ ಸಾಲುವಷ್ಟೇ ಹೊರತು, ಒಮ್ಮೆ ತಪ್ಪಿ ಮತ್ತೊಮ್ಮೆ ಕೊಳ್ಳುವಷ್ಟಲ್ಲ. ಎಪ್ಪತ್ತೆಂಟು ವರ್ಷದ ತಾಯಿಯವರು ತಾವೂ ಬರುವೆನೆಂದು ಹಟ ಹಿಡಿದುದರಿಂದ ಬಾಡಿಗೆಯ ಕಾರೊಂದನ್ನು ಗೊತ್ತುಮಾಡಿಕೊಂಡು ಮೂವರೂ ಹೊರಟೆವು.

ನಾವು ನೋಡಬೇಕೆಂದಿದ್ದ ಮೂರು ಊರುಗಳೂ ಒಂದೇ ದಾರಿಯ ಮೇಲಿರುವುವು. ಜೇವರ್ಗಿಯಿಂದ ಚಾಮರಾಜನಗರದವರೆಗೆ ಹೋಗುವ 150ಎ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಿಂಧನೂರು, ಉತ್ತರಕ್ಕೆ ಲಿಂಗಸುಗೂರು, ನಡುವೆ ಮಸ್ಕಿ. ಈ ಐವತ್ತು-ಅರುವತ್ತು ಕಿಲೋಮೀಟರಿನೊಳಗೆ ನೆಲದ ಬಣ್ಣವೂ ಬೆಳೆಯೂ ಬೆಲೆಯೂ ಬದಲಾಗುವುದನ್ನು ನೋಡಿಯೇ ತಿಳಿಯಬೇಕು.

ಸಿಂಧನೂರನ್ನು ಇಂದಿನ ಸಿಂಧನೂರನ್ನಾಗಿ ಮಾಡಿದುದು ತುಂಗಭದ್ರೆಯ ಎಡದಂಡೆಯ ಕಾಲುವೆ. ಹೈದರಾಬಾದು ಸಂಸ್ಥಾನವೂ ಮದ್ರಾಸು ಪ್ರಾಂತವೂ ಕೂಡಿ 1945ರಲ್ಲಿ ಆರಂಭಿಸಿದ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯತೊಡಗಿದ ಮೇಲೆ, ಜೋಳ ಬೆಳೆಯುತ್ತಿದ್ದ ಎರೆಹೊಲಗಳು ಭತ್ತದ ಗದ್ದೆಗಳಾದುವು. ಆಂಧ್ರದ ಕರಾವಳಿಯಿಂದ ರೈತರು ಬಂದು ‘ಕ್ಯಾಂಪು’ಗಳನ್ನು ಕಟ್ಟಿಕೊಂಡರು, ಪೂರ್ವಬಂಗಾಳದ ನಿರಾಶ್ರಿತರಿಗೂ ಇಲ್ಲಿಯೇ ನೆಲೆ ದೊರೆಯಿತು. ನಾವು ಹೋದಾಗ ಸುಗ್ಗಿ. ರಸ್ತೆಯ ಅಂಚಿನುದ್ದಕ್ಕೂ ಭತ್ತವನ್ನು ಹರವಿದ್ದರು. ಅಕ್ಕಿಗಿರಣಿಗಳ ಹೊಟ್ಟಿನ ವಾಸನೆ ಊರಿಗೆ ಮೊದಲೇ ಎದುರುಗೊಂಡಿತು. ಆಸ್ಪತ್ರೆಗಳು, ಬಟ್ಟೆಯಂಗಡಿಗಳು, ಜೊತೆಗೆ 2024ರಿಂದ ರೈಲು. ನಮ್ಮ ಮನೆಯವರು ಪೇಟೆಯನ್ನು ಒಂದು ಸುತ್ತು ಬಂದವರೇ, “ಇನ್ನು ಬೇರೆ ಊರು ನೋಡುವುದೇತಕ್ಕೆ?” ಎಂದರು. ತಾಯಿಯವರ ರಕ್ತದೊತ್ತಡಕ್ಕೆ ಹತ್ತಿರದಲ್ಲಿ ವೈದ್ಯರು ಬೇಕೆಂಬ ಅವರ ವಾದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರ ಕೊಟ್ಟವನು ಒಬ್ಬ ಗೌಂಡಿ. ಮಧ್ಯಾಹ್ನದ ಊಟಕ್ಕೆ ಬಂಧುಗಳೊಬ್ಬರ ಮನೆಗೆ ಹೋಗಿದ್ದೆವು. ಕಟ್ಟಿಸಿ ಹತ್ತು ವರ್ಷವೂ ಆಗಿರದ ಆ ಮನೆಯ ಗೋಡೆಗಳಲ್ಲಿ ಸೊಂಟದೆತ್ತರದವರೆಗೆ ಉಪ್ಪು ಬಿಳಿಯಾಗಿ ಹೂ ಬಿಟ್ಟಿದ್ದಿತು. ಬಾಗಿಲ ಮೇಲಿನ ಮೂಲೆಯಿಂದ ಓರೆಯಾಗಿ ಬಿರುಕೊಂದು ಮಾಡಿನವರೆಗೆ ಏರಿತ್ತು. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಗೌಂಡಿಯನ್ನು ಕರೆದು ಕೇಳಿದೆವು. “ಎರಿ ಭೂಮಿ ಉಸಿರಾಡ್ತದ್ರೀ ಸಾಹೇಬ್ರ,” ಎಂದನು. “ಮಳಿಗಾಲಕ್ಕ ಉಬ್ಬತದ, ಬ್ಯಾಸಿಗಿಗೆ ಕುಗ್ಗತದ. ಮ್ಯಾಲಿನ ಗ್ವಾಡಿ ಏನ್ ಮಾಡೀತು?”

ಅವನ ಮಾತು ಅಕ್ಷರಶಃ ನಿಜ. ಎರೆಮಣ್ಣಿನ ಜೇಡಿ ನೀರನ್ನು ಹೀರಿ ಹಿಗ್ಗುವುದು, ಒಣಗಿದಾಗ ಕೈ ಹೋಗುವಷ್ಟು ಬಿರಿಯುವುದು. ಅದರ ಮೇಲೆ ಮನೆ ಕಟ್ಟುವವರು ಗರಸು ಸಿಕ್ಕುವವರೆಗೆ ಅಗೆಯಬೇಕು, ಇಲ್ಲವೆ ಮಣ್ಣನ್ನು ತೆಗೆದು ಗರಸನ್ನೇ ತುಂಬಬೇಕು, ಅಥವಾ ಆಳಕ್ಕೆ ಕಂಬಗಳನ್ನು ಇಳಿಸಿ ಅವುಗಳ ಮೇಲೆ ತೊಲೆ ಹಾಯಿಸಬೇಕು. ಯಾವುದನ್ನು ಮಾಡಿದರೂ ಖರ್ಚು ನೆಲದೊಳಗೇ ಹೂತುಹೋಗುವುದು. ವರ್ಷಗಟ್ಟಲೆ ಗದ್ದೆಗೆ ನೀರು ನಿಲ್ಲಿಸಿದ ಕಡೆ ಸವುಳು ಬೇರೆ ಮೇಲೇರುವುದು. ನಮಗೆ ತೋರಿಸಿದ ನಿವೇಶನವೋ, ನಿನ್ನೆಯವರೆಗೆ ಭತ್ತದ ಗದ್ದೆ! ಪಹಣಿಯಲ್ಲಿ ಇಂದಿಗೂ ಗದ್ದೆಯೇ. 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಭೂಪರಿವರ್ತನೆಯಾಗದೆ ಹೊಲವು ನಿವೇಶನವಾಗಲಾರದು. ದಲ್ಲಾಳಿಯು “ಅದೆಲ್ಲಾ ಆಗ್ತದ ಬಿಡ್ರಿ” ಎಂದು ನಕ್ಕನು. ದರವನ್ನು ಇಲ್ಲಿ ಬರೆಯುವುದಿಲ್ಲ. ಈ ಸಂಚಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಅದು ಏರಿರುವುದು. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ ಈ ಊರಿಗೆ ಊರೇ ನಿದ್ದೆಗೆಟ್ಟಿತೆಂದು ಬಂಧುಗಳು ಹೇಳಿದರು. ಪೇಟೆಯ ದರವೆಲ್ಲವೂ ಕಾಲುವೆಯ ನೀರಿನ ಮೇಲೆ ತೇಲುತ್ತಿರುವುದೆಂಬುದು ಆಗ ನಮಗೆ ಹೊಳೆಯಿತು.

ಮಸ್ಕಿಯನ್ನು ಸಮೀಪಿಸುತ್ತಲೇ ಕಲ್ಲುಗುಡ್ಡಗಳು ಕಾಣಿಸತೊಡಗಿದುವು. ಈ ಊರಿನ ಬಂಡೆಯ ಮೇಲೆಯೇ ಅಶೋಕನ ಶಾಸನವಿರುವುದು. 1837ರಲ್ಲಿ ಪ್ರಿನ್ಸೆಪ್ಪನು ಬ್ರಾಹ್ಮೀ ಲಿಪಿಯನ್ನು ಓದಿದ ಮೇಲೂ ಶಾಸನಗಳ ‘ದೇವಾನಾಂಪ್ರಿಯ’ನು ಯಾರೆಂಬುದನ್ನು ಪಂಡಿತರು ಬೇರೆ ಗ್ರಂಥಗಳ ಬಲದಿಂದಲೇ ಹೇಳಬೇಕಾಗಿದ್ದಿತು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರನಾದ ಬೀಡನ್ ಎಂಬಾತನು ಇಲ್ಲಿ ಕಂಡ ಶಾಸನದಲ್ಲಿ ಆ ಬಿರುದಿನೊಡನೆ ಅಶೋಕನೆಂಬ ಹೆಸರೇ ಮೊದಲ ಬಾರಿಗೆ ದೊರೆಯಿತು. ದಲ್ಲಾಳಿಗಳ ಕಾಗದಗಳನ್ನು ನೋಡಿ ಬಂದಿದ್ದ ನಮಗೆ, ಒಡೆಯನ ಹೆಸರು ಇಷ್ಟು ಸ್ಪಷ್ಟವಾಗಿರುವ ದಾಖಲೆ ಇದೊಂದೇ ಎಂದು ತೋರಿ ನಗು ಬಂದಿತು.

ಇಲ್ಲಿ ನೋಡಿದ ಮೊದಲನೆಯ ನಿವೇಶನವು ಅಗ್ಗ. ಆದರೆ ಹಳ್ಳಕ್ಕೆ ತೀರ ಹತ್ತಿರ. 2020ರ ಅಕ್ಟೋಬರಿನಲ್ಲಿ ಆ ಹಳ್ಳವು ತುಂಬಿ ಬಂದುದನ್ನು ಎದುರುಮನೆಯ ಮುದುಕಿಯು ವರ್ಣಿಸಿದ ಮೇಲೆ ಅಲ್ಲಿ ನಿಲ್ಲಲಿಲ್ಲ. ಎರಡನೆಯದು ಗುಡ್ಡದ ಕಡೆಯ ಎತ್ತರದಲ್ಲಿ, ಮಸಾರಿ ನೆಲದ ಮೇಲಿದ್ದಿತು. ಸಿಂಧನೂರಿನ ಒಂದರ ಹಣಕ್ಕೆ ಇಂಥವು ಎರಡು ಬರುತ್ತಿದ್ದುವು. ತಾಯಿಯವರು ಕಾರಿನಿಂದಿಳಿದು, ಮಾತನಾಡದೆ ಅಲ್ಲಿಯ ಕಲ್ಲೊಂದರ ಮೇಲೆ ಕುಳಿತುಬಿಟ್ಟರು.

ನಮ್ಮ ಮನಸ್ಸು ಮೊದಲಿನಿಂದಲೂ ಲಿಂಗಸುಗೂರಿನ ಮೇಲೆ. ನಿಜಾಮರ ಕಾಲದಲ್ಲಿ 1905ರವರೆಗೆ ಅದೇ ಒಂದು ಜಿಲ್ಲೆಯ ಮುಖ್ಯಸ್ಥಳವಾಗಿದ್ದಿತು. ದಂಡು ಬೀಡುಬಿಟ್ಟಿದ್ದ ಊರು. ಇಂದಿಗೂ ಉಪವಿಭಾಗದ ಕಚೇರಿ ಅಲ್ಲಿಯೇ ಇರುವುದು. ಬೇವಿನ ನೆರಳು, ಸಾವಕಾಶದ ನಡೆ. ಸಮೀಪದಲ್ಲಿ ಹಟ್ಟಿಯ ಚಿನ್ನದ ಗಣಿ, ಮುದಗಲ್ಲಿನ ಕೋಟೆ. ಬಾಲ್ಯದಲ್ಲಿ ತಾಲ್ಲೂಕು ಕಚೇರಿಗೆ ತಂದೆಯವರ ಕೈಹಿಡಿದು ಬಂದಿದ್ದ ನೆನಪೂ ಉಂಟು. ಆದರೆ ಪೇಟೆಯೊಳಗಿನದು ನಮ್ಮ ಕೈಗೆ ಎಟುಕಲಿಲ್ಲ. ಹೊರಗಿನದೊಂದು ಬಹಳ ಹಿಡಿಸಿತು. ಕಾಗದ ತೆಗೆಸಿದರೆ ಖಾತೆಯು ಎಂದೋ ತೀರಿಹೋದ ತಂದೆಯ ಹೆಸರಿನಲ್ಲಿ! ನಾಲ್ವರು ಮಕ್ಕಳು, ಮೂವರು ಮಾರಲು ಆತುರಪಡುತ್ತಿದ್ದರು, ನಾಲ್ಕನೆಯವನು ಪುಣೆಯಲ್ಲಿ ದುಡಿಯುತ್ತಿದ್ದನು, ಅವನ ಒಪ್ಪಿಗೆಯ ಮಾತೇ ಎತ್ತುವಂತಿರಲಿಲ್ಲ. ಇಂತಹ ನೆಲವನ್ನು ಕೊಳ್ಳುವುದೆಂದರೆ ಒಂದು ವ್ಯಾಜ್ಯವನ್ನು ಕೊಂಡಂತೆ. ಒಲ್ಲದ ಮನಸ್ಸಿನಿಂದ ಹಿಂದಿರುಗಿದೆವು.

ಕಾರಿನಲ್ಲಿ ವಾದವು ಬಿಸಿಯೇರಿತು. ಮಸ್ಕಿಯು 2018ರಿಂದ ತಾಲ್ಲೂಕೆನಿಸಿಕೊಂಡಿದ್ದರೂ ನಡುರಾತ್ರಿಯಲ್ಲಿ ಎದೆನೋವೆಂದರೆ ಸಿಂಧನೂರಿಗೋ ಲಿಂಗಸುಗೂರಿಗೋ ಓಡಬೇಕಾಗುವುದೆಂದು ನಮ್ಮ ಮನೆಯವರು ಕಟುವಾಗಿಯೇ ಹೇಳಿದರು. ಅದುವರೆಗೆ ಕಿಟಕಿಯಾಚೆ ನೋಡುತ್ತಿದ್ದ ತಾಯಿಯವರು, “ನಾ ಇನ್ನೆಷ್ಟು ದಿನ ಇರ್ತೀನೋ ಯವ್ವಾ. ಸೀಳಿದ ಗ್ವಾಡಿ ನೋಡಕೋತ ಕೂಡೋರು ನೀವು,” ಎಂದರು. ಅನಂತರ ಮಸ್ಕಿಯವರೆಗೂ ಯಾರೂ ಮಾತನಾಡಲಿಲ್ಲ.

ಮಾರುವವನ ಒಪ್ಪಿಗೆ ಪಡೆದು ಮರುದಿನವೇ ಆ ನಿವೇಶನದಲ್ಲಿ ಗುಂಡಿ ತೋಡಿಸಿದೆವು. ಮೂರಡಿಗೆ ಹಾರೆ ಠಣ್ಣೆಂದಿತು, ಗಟ್ಟಿ ಗರಸು. ತಾಯಿಯವರು ಒಂದು ಹೆಂಟೆಯನ್ನು ಕೈಯಲ್ಲಿ ಹಿಸುಕಿ ನೋಡಿದರು, ಅದು ಪುಡಿಯಾಗಲಿಲ್ಲ. ಭೂಪರಿವರ್ತನೆಯ ಆದೇಶವೂ ಋಣಭಾರ ಪತ್ರವೂ ಸರಿಯಾಗಿದ್ದುವು. ಖಾತೆಯಲ್ಲಿ ಮಾತ್ರ ಮಾರುವವನ ಹೆಸರಿನ ಒಂದಕ್ಷರ ತಪ್ಪಾಗಿದ್ದಿತು. ಅದು ತಿದ್ದುಪಡಿಯಾಗುವವರೆಗೆ ಸಂಚಕಾರದ ಹಣವನ್ನು ಕೊಡಲಿಲ್ಲ. ಮನೆಯನ್ನು ಎರಡೇ ಕೋಣೆಗಳಿಗೆ ಇಳಿಸಿ, ಉಳಿದ ಹಣವನ್ನು ತಾಯಿಯವರ ಔಷಧೋಪಚಾರಕ್ಕೆಂದು ಬೇರೆಯಾಗಿ ಇಡಬೇಕೆಂಬ ನಮ್ಮ ಮನೆಯವರ ಷರತ್ತಿಗೆ ಒಪ್ಪಿಕೊಂಡೆವು.

ಫಾಲ್ಗುಣದಲ್ಲಿ ನೋಂದಣಿಯಾಯಿತು. ಕಚೇರಿಯಿಂದ ಹೊರಬಂದೊಡನೆ ನಮ್ಮ ಮನೆಯವರು ಎದುರಿನ ಚಹದಂಗಡಿಯವನನ್ನು ಕೇಳಿದುದು, ಮಸ್ಕಿಯಿಂದ ಸಿಂಧನೂರಿಗೆ ರಾತ್ರಿಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು.