ಇಸಾಂಪುರದ ಕಲ್ಲು, ಡಾರ್ವಿನ್‌ನ ಪಾಠ

ಜೇವರ್ಗಿ ತಾಲ್ಲೂಕಿನ ಕೊಳಕೂರಿನಿಂದ ದಕ್ಷಿಣಕ್ಕೆ ಹೋದರೆ ಸುರಪುರ ಸೀಮೆ. ಅಲ್ಲಿನ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತು ಸಂಗಡಿಗರು ಆದಿಮಾನವರು ಸುಣ್ಣದಕಲ್ಲಿನಿಂದ ಕೈಗೊಡಲಿ ಮಾಡುತ್ತಿದ್ದ ಜಾಗವನ್ನೇ ಅಗೆದು ತೆಗೆದರು. ಜೊತೆಗೆ ಸಿಕ್ಕ ಪ್ರಾಣಿಗಳ ಹಲ್ಲಿನ ಪರೀಕ್ಷೆ ಹೇಳಿದ ವಯಸ್ಸು ಸುಮಾರು 12 ಲಕ್ಷ ವರ್ಷ. ನಮ್ಮ ಪ್ರಭೇದದ ಮನುಷ್ಯನಿಗೆ ಆಗಿರುವುದು ಸುಮಾರು 3 ಲಕ್ಷ ವರ್ಷ ಮಾತ್ರ. ಅಂದರೆ ಆ ಕೊಡಲಿ ಹಿಡಿದ ಕೈ ನಮ್ಮದಲ್ಲ, ನಮಗಿಂತ ಹಿಂದಿನ ಮಾನವರದು!

ಮನುಷ್ಯನೂ ಸೇರಿ ಎಲ್ಲ ಜೀವಿಗಳು ಹೀಗೆ ಬದಲಾಗುತ್ತಾ ಬಂದವು ಎನ್ನುತ್ತದೆ ಡಾರ್ವಿನ್‌ನ ವಿಕಾಸವಾದ. ಇದನ್ನು ಒಪ್ಪದೆ, ಜೀವಿಗಳ ರಚನೆ ಇಷ್ಟು ಜಟಿಲವಾಗಿರುವುದರಿಂದ ಅದರ ಹಿಂದೆ ಒಬ್ಬ ಬುದ್ಧಿವಂತ ವಿನ್ಯಾಸಕ ಇರಲೇಬೇಕು ಎಂಬ ವಾದವಿದೆ. ಅಮೆರಿಕದ ಡೋವರ್ ಊರಿನ ಶಾಲೆಗಳಲ್ಲಿ ಇದನ್ನು ವಿಕಾಸವಾದದ ಪಕ್ಕಕ್ಕೆ ತಂದಾಗ ಪೋಷಕರು ಕೋರ್ಟಿಗೆ ಹೋದರು. ಅದು ವಿಜ್ಞಾನವಲ್ಲ ಎಂದು 2005ರ ಡಿಸೆಂಬರ್‌ನಲ್ಲಿ ತೀರ್ಪು ಬಂತು.

ನಂಬಿಕೆಗೆ ಅದರದೇ ಜಾಗವಿದೆ, ಯಾರೂ ಕಸಿಯಬೇಕಿಲ್ಲ. ಮೊದಲ ಜೀವ ಹೇಗೆ ಹುಟ್ಟಿತು ಎಂಬುದು ವಿಜ್ಞಾನಕ್ಕೂ ಇನ್ನೂ ಬಗೆಹರಿಯದ ಪ್ರಶ್ನೆ. ಆದರೆ ಹುಟ್ಟಿದ ಜೀವ ಬದಲಾಗುತ್ತಾ ಬಂದಿದೆ ಎಂಬುದಕ್ಕೆ ಪಳೆಯುಳಿಕೆ, ವಂಶವಾಹಿ ಎರಡೂ ಸಾಕ್ಷಿ ಹೇಳುತ್ತವೆ.

2018ರಲ್ಲಿ ಕೇಂದ್ರ ಸಚಿವರೊಬ್ಬರು ಡಾರ್ವಿನ್‌ನದು ತಪ್ಪು ಎಂದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿ ಮೂರು ಅಕಾಡೆಮಿಗಳು ಅದನ್ನು ತಳ್ಳಿಹಾಕಿದವು. ಆದರೂ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಿಂದ ವಿಕಾಸದ ಭಾಗ ಹೋಯಿತು. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ವಿರೋಧಿಸಿ ಸಹಿ ಹಾಕಿದರು. ಹತ್ತನೆಯದಕ್ಕೇ ಓದು ನಿಲ್ಲಿಸುವ ಮಕ್ಕಳಿಗೆ ಇದು ದೊಡ್ಡ ನಷ್ಟ.

ಆಳಂದ, ಅಫಜಲಪುರ, ಜೇವರ್ಗಿಯ ಮೇಷ್ಟ್ರುಗಳೇ, ಒಮ್ಮೆ ಮಕ್ಕಳನ್ನು ಇಸಾಂಪುರಕ್ಕೆ ಕರೆದೊಯ್ಯಿರಿ.